ಕ್ರೆಡಿಟ್ ಕಾರ್ಡ್ ಬಾಕಿ: ದಾರಿ ತಿಳಿಸಿ

ಪ್ರಶ್ನೆ (ಮಣಿಪಾಲ): ಕೆಲಸ ಹೋದ ಮೇಲೆ ಎರಡು ಕಾರ್ಡ್‌ಗಳ ಬಾಕಿ ಮೂರು ತಿಂಗಳಿಂದ ಕಟ್ಟಲಾಗದೆ 4 ಲಕ್ಷ ದಾಟಿದೆ. ವಸೂಲಿಯವರು ರಾತ್ರಿ 9ಕ್ಕೂ ಅಮ್ಮನಿಗೆ ಕರೆ ಮಾಡುತ್ತಾರೆ. ಏನು ಮಾಡಲಿ?

ಉತ್ತರ (ಉಡುಪಿ): ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಇಂತಹ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕರೆಗಳ ಸಮಯವನ್ನು ಬರೆದಿಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಡಿ, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ಉತ್ತರ (ಮಂಗಳೂರು): ತಿಂಗಳಿಗೆ ಶೇ. 3.5 ಬಡ್ಡಿಯೆಂದರೆ ವರ್ಷಕ್ಕೆ ಶೇ. 42, ಬಿಲ್ಲಿನ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಅಸಲು ಕರಗುವುದು ಬಹಳ ನಿಧಾನ. ನಾನು ಸಹಕಾರಿ ಸಂಘದಲ್ಲಿ ಚಿನ್ನ ಅಡವಿಟ್ಟು, ಕಡಿಮೆ ಬಡ್ಡಿಯ ಆ ಸಾಲದಿಂದ ಕಾರ್ಡಿನ ಬಾಕಿ ತೀರಿಸಿದೆ.

ಪ್ರಶ್ನಿಸಿದವರು: ನಾಳೆಯೇ ದೂರು ಬರೆಯುತ್ತೇನೆ. ಧನ್ಯವಾದಗಳು.