ಅಪಾರ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲೇಬೇಕಾ?

ಸಕಲೇಶಪುರದ ಪೋಷಕ:
ಮಗಳು 7ನೇ ತರಗತಿ. ಅಪಾರ್ (ವಿದ್ಯಾರ್ಥಿಗಳಿಗೆ ಕೊಡುವ ಗುರುತಿನ ಸಂಖ್ಯೆ) ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಮಗುವಿನದ್ದೂ ನಮ್ಮದೂ ಆಧಾರ್ ಪ್ರತಿಯನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಕಳಿಸಿ ಅಂತ ಶಾಲೆಯಿಂದ ಸೂಚನೆ ಬಂದಿದೆ. ಕೊಡದಿದ್ದರೆ ಸ್ಯಾಟ್ಸ್ ನಂಬರ್, ಸ್ಕಾಲರ್‌ಶಿಪ್ ನಿಲ್ಲುತ್ತಾ?

ಹಾಸನ_ದಾಖಲಾತಿ:
ಮೂರನ್ನು ಬೇರೆ ಮಾಡಿ ನೋಡಿ. ಸ್ಯಾಟ್ಸ್ ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ: ದಾಖಲಾತಿ, ಅಂಕ, ವರ್ಗಾವಣೆ ಎಲ್ಲ ಅದರಲ್ಲೇ. ಯುಡೈಸ್ ಪ್ಲಸ್ ಕೇಂದ್ರದ ಶಾಲಾ ಮಾಹಿತಿ ವ್ಯವಸ್ಥೆ. 2022-23ರಿಂದ ಶಾಲೆಯ ಒಟ್ಟು ಲೆಕ್ಕದ ಜೊತೆಗೆ ಒಂದೊಂದು ಮಗುವಿನ ವಿವರವೂ ಅಲ್ಲಿಗೆ ಹೋಗುತ್ತದೆ, ಪೆನ್ ಸಂಖ್ಯೆ (ಮಗುವಿನ ಶಾಶ್ವತ ಶಿಕ್ಷಣ ಸಂಖ್ಯೆ) ಸಿಗುವುದೂ ಅಲ್ಲೇ. ಅಪಾರ್ 12 ಅಂಕಿಯ ಇನ್ನೊಂದು ಸಂಖ್ಯೆ, ಸರ್ಕಾರದ ಆನ್‌ಲೈನ್ ದಾಖಲೆ ಸಂಗ್ರಹವಾದ ಡಿಜಿಲಾಕರ್‌ಗೆ ಜೋಡಣೆಯಾಗುತ್ತದೆ. ನಿಮ್ಮ ಕೈಯಲ್ಲಿರುವ ಪತ್ರ ಈ ಮೂರನೆಯದಕ್ಕೆ ಮಾತ್ರ. ಅದು ಕಡ್ಡಾಯವಲ್ಲ ಎಂದು ಕೇಂದ್ರವೇ ಸಂಸತ್ತಿನಲ್ಲಿ ಹೇಳಿದೆ. ಸ್ಯಾಟ್ಸ್ ನಂಬರ್ ಹಾಗೇ ಇರುತ್ತದೆ. ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿಯಲ್ಲಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಆಧಾರ್ ಕೇಳುವುದು ಬೇರೆ ವಿಷಯ.

ಬೇಡವೆನಿಸಿದರೆ ಫಾರಂ ಖಾಲಿ ಬಿಟ್ಟು ಸುಮ್ಮನಿರಬೇಡಿ. ಖಾಲಿ ಬಿಟ್ಟದ್ದು "ಬಾಕಿ" ಎಂದು ಪಟ್ಟಿಯಲ್ಲಿ ಉಳಿದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಮುಖ್ಯ ಶಿಕ್ಷಕರಿಗೆ ಒತ್ತಡ ಬರುತ್ತಲೇ ಇರುತ್ತದೆ. "ಅಪಾರ್ ಸೃಷ್ಟಿಸಲು ಒಪ್ಪಿಗೆ ಇಲ್ಲ" ಎಂದು ಎರಡು ಪ್ರತಿ ಬರೆದು, ಒಂದಕ್ಕೆ ದಿನಾಂಕ, ಮುದ್ರೆ ಹಾಕಿಸಿಕೊಳ್ಳಿ. ಈಗಾಗಲೇ ಸಹಿ ಹಾಕಿದವರೂ ಹಿಂಪಡೆಯಬಹುದು. ಆದರೆ ಅಷ್ಟರೊಳಗೆ ಹಂಚಿಕೆಯಾದ ಮಾಹಿತಿ ವಾಪಸ್ ಬರುವುದಿಲ್ಲ. ಯೋಚಿಸುವುದಾದರೆ ಸಹಿಗೆ ಮುಂಚೆಯೇ ಯೋಚಿಸಿ.

ಬೇಲೂರು_ಕಾನೂನು:
ವಾಟ್ಸಾಪ್ ಗುಂಪಿಗೆ ಖಂಡಿತ ಹಾಕಬೇಡಿ. ಒಂದು ಸಲ ಗುಂಪಿಗೆ ಹೋದ ಪ್ರತಿ ಎಲ್ಲ ಪೋಷಕರ ಫೋನಿನಲ್ಲೂ ಉಳಿಯಬಹುದು, ಪೂರ್ತಿ ಅಳಿಸಿಹೋಗುವ ಖಾತ್ರಿಯಿಲ್ಲ. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದನ್ನು ಆಧಾರ್ ಕಾಯ್ದೆಯ 29(4) ತಡೆಯುತ್ತದೆ. ಒಪ್ಪಿಗೆ ಕೊಡುವವರೂ ಮೂಲ ಕಾರ್ಡನ್ನು ಕಚೇರಿಯಲ್ಲೇ ತೋರಿಸಿ ನಮೂದು ಮಾಡಿಸಿ. ಪ್ರತಿ ಕೊಡಲೇಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಸಾಕಾ ಎಂದು ಕೇಳಿ. ಪ್ರತಿಯ ಮೇಲೇ ಅಡ್ಡಲಾಗಿ ಉದ್ದೇಶ, ದಿನಾಂಕ ಬರೆಯಿರಿ. ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದೇ ಹೇಳಿದೆ. ಬಾಯಿಮಾತಿನಲ್ಲಿ ಕಡ್ಡಾಯ ಅಂದರೆ ಆದೇಶದ ಪ್ರತಿ ಕೇಳಿ. ಸಿಗದಿದ್ದರೆ 10 ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕು ಅರ್ಜಿ. 30 ದಿನದೊಳಗೆ ಉತ್ತರ ಕೊಡಬೇಕು.

ಅರಸೀಕೆರೆ_ಗಣಕ:
ಒಪ್ಪಿಗೆ ಕೊಟ್ಟ ಮೇಲೂ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ದಾಖಲಾತಿ ಪುಸ್ತಕದಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಇಲ್ಲವೇ ಬಿಡಿಸಿ ಬರೆದಿರುತ್ತದೆ. ಹೆಸರು, ಹುಟ್ಟಿದ ದಿನಾಂಕ, ಲಿಂಗ ಮೂರೂ ತಾಳೆಯಾಗದಿದ್ದರೆ ಅಪಾರ್ ಹುಟ್ಟುವುದಿಲ್ಲ. ಆಗ "ಶಾಲೆಯ ಹೆಸರನ್ನೇ ಬದಲಿಸೋಣ" ಅಂದರೆ ಒಪ್ಪಬೇಡಿ. ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುವುದು ಅದೇ. ಜನನ ಪ್ರಮಾಣಪತ್ರ ಇಟ್ಟುಕೊಂಡು ಆಧಾರ್ ತಿದ್ದಿಸಿ. ಅಲ್ಲಿ ಹೆಸರಿಗೆ ಎರಡು ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಅಕ್ಷರ ಅಕ್ಷರ ನೋಡಿ ಕೊಡಿ.

ಎಸ್ಟೇಟ್ ಕೆಲಸಕ್ಕೆ ಬಂದವರ ಮಕ್ಕಳಿಗೆ ಇನ್ನೊಂದು ತೊಡಕು: ಹಳೆಯ ಶಾಲೆ ಯುಡೈಸ್‌ನಲ್ಲಿ ಮಗುವನ್ನು ಡ್ರಾಪ್‌ಬಾಕ್ಸ್‌ಗೆ (ಶಾಲೆ ಬಿಟ್ಟವರ ಪಟ್ಟಿ) ಹಾಕದಿದ್ದರೆ ಹೊಸ ಶಾಲೆ ತನ್ನ ಪಟ್ಟಿಗೆ ಎಳೆದುಕೊಳ್ಳಲಾಗದು. ಟಿಸಿ ಜೊತೆ ಪೆನ್ ಸಂಖ್ಯೆಯನ್ನೂ ಬರೆಸಿಕೊಂಡು ಬನ್ನಿ.