ಕಾದಿಗೆ ನೀರಿನಲ್ಲಿ ಕರಿಮಣಿ ಸರದಂತಹ ಮೊಟ್ಟೆಗಳು: ಇವು ನೆಲಗಪ್ಪೆಯವೇ?

ತೋಟದಮನೆ (ಶಿರಸಿ):
ನಮಸ್ಕಾರ. ಜೂನ್ ಮೊದಲ ವಾರದಲ್ಲಿ ಎರಡು ರಾತ್ರಿ ಬಿರುಸಾಗಿ ಮಳೆ ಸುರಿದ ಮಾರನೆಯ ಬೆಳಿಗ್ಗೆ, ನಮ್ಮ ಅಡಿಕೆ ತೋಟದ ಕೆಳಗಿನ ಕಾದಿಗೆಯಲ್ಲಿ (ನೀರು ಬಸಿದುಹೋಗುವ ಕಾಲುವೆ) ನಿಂತ ನೀರಿನೊಳಗೆ ಲೋಳೆಯ ಉದ್ದನೆಯ ಎಳೆಗಳು ಹುಲ್ಲಿನ ಬುಡಕ್ಕೆ ಸುತ್ತಿಕೊಂಡು ಬಿದ್ದಿದ್ದವು. ಬೊಗಸೆಯಲ್ಲಿ ಎತ್ತಿದರೆ ಬೆರಳ ಸಂದಿಯಿಂದ ಜಾರಿಹೋಗುತ್ತಿದ್ದ ಆ ಎಳೆಗಳ ಒಳಗೆ ರಾಗಿ ಕಾಳಿನಷ್ಟು ಗಾತ್ರದ ಕಪ್ಪು ಮಣಿಗಳು ಪೋಣಿಸಿದಂತೆ ಕಾಣುತ್ತಿದ್ದವು. ಹಿಂದಿನ ರಾತ್ರಿ ಅದೇ ಜಾಗದಿಂದ ಬಿಟ್ಟೂಬಿಡದೆ ಕುರ್‌ರ್‌ರ್ ಎಂಬ ಕೂಗು ಕೇಳಿಸಿತ್ತು. ಇವು ಯಾವ ಕಪ್ಪೆಯ ಮೊಟ್ಟೆಗಳು? ನಾಲ್ಕು ದಿನ ಹೊಳವಾದರೆ ಈ ಕಾದಿಗೆ ಒಣಗುತ್ತದೆ. ಆದ್ದರಿಂದ ಇವನ್ನು ಕೆರೆಗೆ ಸಾಗಿಸುವುದು ಒಳ್ಳೆಯದೇ? ಅದು ವಿಷದ ಕಪ್ಪೆ, ಮುಟ್ಟಬೇಡ ಎಂದು ಮನೆಯ ಹಿರಿಯರು ಗದರಿಸಿದ್ದಾರೆ.

ಕಾನಂಚು:
ನೀವು ಬರೆದ ವಿವರ ಸಾಮಾನ್ಯ ನೆಲಗಪ್ಪೆಗೆ ಸರಿಯಾಗಿ ಹೊಂದುತ್ತದೆ. ಗದ್ದೆಯ ಕಪ್ಪೆಗಳು ಮೊಟ್ಟೆಗಳನ್ನು ಮುದ್ದೆಯಾಗಿಯೋ ತೆಳುವಾದ ಪದರವಾಗಿಯೋ ಬಿಟ್ಟರೆ, ನೆಲಗಪ್ಪೆ ಸರವಾಗಿ ಬಿಡುತ್ತದೆ. ಗಾತ್ರದಲ್ಲಿ ದೊಡ್ಡದಾದ ಹೆಣ್ಣು, ತನ್ನ ಬೆನ್ನೇರಿ ಕಂಕುಳಲ್ಲಿ ಅಪ್ಪಿ ಹಿಡಿದ ಗಂಡನ್ನು ಹೊತ್ತುಕೊಂಡೇ ಹುಲ್ಲಿನ ನಡುವೆ ಓಡಾಡುತ್ತ ಒಟ್ಟಿಗೆ ಎರಡು ಎಳೆಗಳನ್ನು ಬಿಡುವುದರಿಂದ ಅವು ಗಿಡಗಳಿಗೆ ಸುತ್ತಿಕೊಳ್ಳುತ್ತವೆ. ಮೊಟ್ಟೆಗಳ ಸಂಖ್ಯೆ ಸಾವಿರಗಳಲ್ಲಿರುತ್ತದೆ. ರಾತ್ರಿ ನೀವು ಕೇಳಿದ್ದು ಗಂಡಿನ ಕೂಗು. ಆ ದಿನಗಳಲ್ಲಿ ಬ್ಯಾಟರಿ ಹಾಕಿ ನೋಡಿದರೆ ಅದರ ಗಂಟಲು ಹಳದಿಯಾಗಿ ಉಬ್ಬುವುದು ಕಾಣುತ್ತದೆ.

ಜರ್ಮನಿಯ ನಿಸರ್ಗವಿಜ್ಞಾನಿ ಷ್ನೈಡರ್ 1799ರಲ್ಲಿ ಹೆಸರಿಸಿದ ಈ ಜೀವಿ ಬಹುಕಾಲ ‘ಬ್ಯೂಫೋ’ ಎಂಬ ಕುಲದಲ್ಲಿತ್ತು. 2006ರಲ್ಲಿ ಅದನ್ನು ಭಾರತದ ಉಭಯಜೀವಿ ತಜ್ಞ ಸುಶೀಲ್ ಕುಮಾರ್ ದತ್ತಾ ಅವರ ಹೆಸರಿನಿಂದ ಬಂದ ‘ದತ್ತಾಫ್ರಿನಸ್’ ಕುಲಕ್ಕೆ ಸೇರಿಸಲಾಯಿತು.

ಕೆರೆಗೆ ಸಾಗಿಸುವ ವಿಚಾರವನ್ನು ದಯವಿಟ್ಟು ಕೈಬಿಡಿ. ಒಣಗಿಹೋಗುವ ನೀರಿನಲ್ಲಿ ಮೀನುಗಳು ನೆಲೆಯೂರುವುದಿಲ್ಲ, ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳೂ ಕಡಿಮೆ. ಇಂತಹ ನೀರನ್ನೇ ಈ ಕಪ್ಪೆ ಹೆಚ್ಚಾಗಿ ಹುಡುಕುವುದರಲ್ಲಿ ಅರ್ಥವಿದೆ. ಎರಡು ಮೂರು ದಿನಗಳಲ್ಲಿ ಮೊಟ್ಟೆ ಒಡೆದು, ಐದಾರು ವಾರಗಳಲ್ಲಿ ಗೊದಮೊಟ್ಟೆಗಳು ಕಾಲು ಮೂಡಿಸಿಕೊಂಡು ನೆಲಕ್ಕೆ ಬರುತ್ತವೆ. ನನಗೆ ನಿಜವಾದ ಆತಂಕವಿರುವುದು ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಕೊಳೆಮದ್ದಿನ ಬಗ್ಗೆ. ಮೊದಲ ಸಿಂಪಡಣೆಯೂ ಇವುಗಳ ಮೊಟ್ಟೆಯೂ ಒಂದೇ ಹದಿನೈದು ದಿನಗಳ ಒಳಗೆ ಬರುತ್ತವೆ, ಆ ಮದ್ದಿನ ಮೈಲುತುತ್ತದಲ್ಲಿರುವ ತಾಮ್ರ ಗೊದಮೊಟ್ಟೆಗಳಿಗೆ ಮಾರಕ. ಸಿಂಪಡಣೆಯನ್ನು ಬಿಡಲಾಗದು ಎಂಬುದು ತೋಟಿಗನಾದ ನನಗೂ ಗೊತ್ತು. ಆದರೆ ಮದ್ದು ಕಲಸಿದ ಬ್ಯಾರಲ್ಲನ್ನು ಕಾದಿಗೆಯಲ್ಲಿ ತೊಳೆಯದೆ ಇರುವುದು ನಮ್ಮ ಕೈಯಲ್ಲಿದೆ.

ಕಾಳಿ ದಂಡೆ (ಕಾರವಾರ):
ವಿಷದ ಮಾತಿಗೆ ಉತ್ತರಿಸುತ್ತೇನೆ. ಕಣ್ಣಿನ ಹಿಂದೆ ಹುರುಳಿಬೀಜದ ಆಕಾರದಲ್ಲಿ ಉಬ್ಬಿದ ಎರಡು ಗ್ರಂಥಿಗಳನ್ನು ಒತ್ತಿದಾಗ ಹಾಲಿನಂತಹ ದ್ರವ ಒಸರುತ್ತದೆ, ಹೃದಯದ ಬಡಿತವನ್ನೇ ಏರುಪೇರು ಮಾಡುವ ರಾಸಾಯನಿಕಗಳು ಅದರಲ್ಲಿವೆ. ಕಳೆದ ಮಳೆಗಾಲದಲ್ಲಿ ನಮ್ಮ ನಾಯಿಮರಿ ಅಂಗಳದ ದೀಪದ ಕೆಳಗೆ ಹುಳು ಹಿಡಿಯುತ್ತಿದ್ದ ನೆಲಗಪ್ಪೆಯನ್ನು ಕಚ್ಚಿ, ಕ್ಷಣದಲ್ಲೇ ಬಿಟ್ಟು, ಬಾಯಿತುಂಬ ನೊರೆ ಸುರಿಸುತ್ತ ನಿಂತಿತು. ನೀರು ಗಂಟಲಿಗೆ ಇಳಿಯದಂತೆ ತಲೆಯನ್ನು ಬಗ್ಗಿಸಿ ಹಿಡಿದು ಬಾಯಿ ತೊಳೆದು, ಪಶುವೈದ್ಯರಿಗೆ ತೋರಿಸಿದೆವು, ಮರುದಿನ ಚೇತರಿಸಿಕೊಂಡಿತು. ಕಪ್ಪೆಗೆ ಏನೂ ಆಗಿರಲಿಲ್ಲ, ಸಂಜೆ ಮತ್ತೆ ಅದೇ ದೀಪದ ಕೆಳಗೆ ಬಂದು ಕುಳಿತಿತ್ತು. ಮನುಷ್ಯರು ಮುಟ್ಟಿದ ಮೇಲೆ ಕಣ್ಣುಜ್ಜಿಕೊಳ್ಳದೆ ಸೋಪಿನಿಂದ ಕೈ ತೊಳೆದರೆ ಸಾಕು. ಮುಟ್ಟಿದರೆ ಮೈಮೇಲೆ ನರಹುಲಿ ಏಳುತ್ತದೆ ಎಂಬುದು ಸುಳ್ಳು. ನರಹುಲಿಗೆ ಕಾರಣ ವೈರಸ್.

ಹಳೇ ವಿದ್ಯಾರ್ಥಿ:
ಮೊಟ್ಟೆ ಒಡೆದು ಗೊದಮೊಟ್ಟೆಗಳು ಬಂದ ಮೇಲೆ ಅವು ಗುಂಪುಗೂಡುವುದನ್ನು ಗಮನಿಸಿರಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈದಾಪುರ ಮತ್ತು ಗಿರೀಶ್ ಅವರು ಇದೇ ಕಪ್ಪೆಯ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕೆಲವನ್ನು ಒಡಹುಟ್ಟಿದವುಗಳ ಜೊತೆಗೆ, ಕೆಲವನ್ನು ಅನ್ಯರ ನೆರೆಯಲ್ಲಿ, ಕೆಲವನ್ನು ಮೊಟ್ಟೆಯಿಂದಲೇ ಒಂಟಿಯಾಗಿ ಬೆಳೆಸಿ, ತೊಟ್ಟಿಯ ಒಂದು ತುದಿಯಲ್ಲಿ ಒಡಹುಟ್ಟಿದವನ್ನೂ ಇನ್ನೊಂದು ತುದಿಯಲ್ಲಿ ಅನ್ಯರನ್ನೂ ಇಟ್ಟು ನೋಡಿದಾಗ, ತನ್ನವರನ್ನು ಒಮ್ಮೆಯೂ ಕಾಣದೆ ಬೆಳೆದ ಗೊದಮೊಟ್ಟೆಗಳು ಕೂಡ ಹೆಚ್ಚಿನ ಹೊತ್ತನ್ನು ತನ್ನವರ ಬದಿಯಲ್ಲೇ ಕಳೆದವು. ಎಲ್ಲವಕ್ಕೂ ಬೇಯಿಸಿದ ಪಾಲಕ್ ಸೊಪ್ಪನ್ನೇ ಹಾಕಿದ್ದರಿಂದ, ಊಟದ ವಾಸನೆಯಿಂದ ಗುರುತಿಸಿದವು ಎನ್ನುವುದು ಕಷ್ಟ.

ತೋಟದಮನೆ (ಶಿರಸಿ):
ಎಲ್ಲರಿಗೂ ಧನ್ಯವಾದಗಳು. ಮೊಟ್ಟೆಗಳನ್ನು ಸಾಗಿಸಲಿಲ್ಲ, ಬ್ಯಾರಲ್ಲನ್ನು ಮೇಲಿನ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ತೊಳೆದೆವು. ಸರಗಳು ಮೂರನೆಯ ದಿನ ಕಾಣೆಯಾಗಿ, ಕಪ್ಪು ಗೊದಮೊಟ್ಟೆಗಳು ಕಾದಿಗೆಯ ಅಂಚಿನಲ್ಲಿ ಚೆಲ್ಲಿದ ಶಾಯಿಯಂತೆ ಒತ್ತಾಗಿ ಸೇರಿದವು. ಜುಲೈ ಎರಡನೆಯ ವಾರ ಕೊಳೆತ ಸೋಗೆಯೊಂದನ್ನು ಎತ್ತಿದಾಗ, ಕಿರುಬೆರಳಿನ ಉಗುರಿನಷ್ಟಿದ್ದ ಹತ್ತಾರು ಮರಿಗಳು ಒಮ್ಮೆಲೇ ಕುಪ್ಪಳಿಸಿದವು. ಒಂದರ ಹಿಂದೆ ಬಾಲದ ಮೊಂಡು ತುಣುಕು ಇನ್ನೂ ಉಳಿದಿತ್ತು. ಸೋಗೆಯನ್ನು ಇದ್ದಲ್ಲೇ ಇಟ್ಟುಬಂದೆ.