ಅಪ್‌ಡೇಟ್: ಮಗ ರಾತ್ರಿ ಹಾಸಿಗೆ ಒದ್ದೆ ಮಾಡುವುದು, ಗಮನ ನಿಲ್ಲದಿರುವುದು

ದಾವಣಗೆರೆಯಿಂದ ಮತ್ತೆ ಬರೆಯುತ್ತಿದ್ದೇನೆ. 8 ವರ್ಷದ ಮಗ ಹಾಸಿಗೆ ಒದ್ದೆ ಮಾಡುತ್ತಾನೆ, ಓದಿನಲ್ಲೂ ಗಮನ ನಿಲ್ಲಲ್ಲ, ಎರಡಕ್ಕೂ ನಂಟಿದೆಯಾ ಅಂತ 6 ವಾರದ ಹಿಂದೆ ಕೇಳಿದ್ದೆ.

ನಂಟಿದೆ. ಪರೀಕ್ಷೆ ಮಾಡಿದ ಡಾಕ್ಟರ್ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆ ಜಾಸ್ತಿ ಇರುವ ತೊಂದರೆ) ಅಂದರು. ಅಂಥ ಮಕ್ಕಳಲ್ಲಿ ಹಾಸಿಗೆ ಒದ್ದೆ ಮಾಡುವುದು ಜಾಸ್ತಿಯಂತೆ. ಹಾಗಂತ ಒದ್ದೆ ಮಾಡುವ ಮಕ್ಕಳಿಗೆಲ್ಲ ಎಡಿಎಚ್‌ಡಿ ಇರಲ್ಲ.

ರಾತ್ರಿ 2 ಗಂಟೆಗೆ ಎಬ್ಬಿಸಿ ನೋಡಿದೆ, ಉಪಯೋಗವಾಗಲಿಲ್ಲ. ನಿದ್ದೆಗಣ್ಣಲ್ಲೇ ಹೋಗಿ ಬರುತ್ತಿದ್ದ, ಬೆಳಿಗ್ಗೆ ಮತ್ತೆ ಒದ್ದೆ. ಆಗ ಇಲ್ಲಿ ಮಲಬದ್ಧತೆ ಇದೆಯಾ ನೋಡಿ ಅಂದ ಅಕ್ಕನಿಗೆ ತುಂಬಾ ಥ್ಯಾಂಕ್ಸ್. ಅದೂ ಇತ್ತು! ಹೊಟ್ಟೆ ಕಟ್ಟಿದರೆ ಮೂತ್ರಕೋಶದ ಮೇಲೆ ಒತ್ತಡ ಬೀಳುತ್ತದಂತೆ. ಅದಕ್ಕೆ ಔಷಧಿ ಕೊಟ್ಟರು. ಹಗಲಲ್ಲಿ 2-3 ಗಂಟೆಗೊಮ್ಮೆ ಬಾತ್‌ರೂಮಿಗೆ ಕಳಿಸುತ್ತೇವೆ. ಸಂಜೆ ಮಂಡಕ್ಕಿ ಜೊತೆ ಕೊಡುತ್ತಿದ್ದ ಟೀ ಬಂದ್. ಆಮೇಲೆ ಒದ್ದೆಯಾದ ಕೂಡಲೇ ಸದ್ದು ಮಾಡುವ ಅಲಾರಂ ತಂದೆವು. ಮೊದಲ ವಾರ ಅವನಿಗೆ ಎಚ್ಚರವೇ ಆಗುತ್ತಿರಲಿಲ್ಲ, ನಾನೇ ಎಬ್ಬಿಸಬೇಕಿತ್ತು. ಈಗ ವಾರಕ್ಕೊಮ್ಮೆ ಒದ್ದೆಯಾದರೆ ಜಾಸ್ತಿ.

ಅತ್ತೆ ಒಂದು ವಿಷಯ ಹೇಳಿದರು. ನಮ್ಮೆಜಮಾನರೂ 10 ವರ್ಷದವರೆಗೆ ಹೀಗೇ ಇದ್ದರಂತೆ! ಇದು ವಂಶದಲ್ಲಿ ಬರುತ್ತದೆ ಅಂತ ಡಾಕ್ಟರೂ ಅಂದರು. ಅದನ್ನು ಕೇಳಿ ಮಗನ ಮುಖ ಅರಳಿತು. ಮೊದಲು ಒದ್ದೆ ಚಡ್ಡಿಯನ್ನು ಬೀರು ಹಿಂದೆ ಬಚ್ಚಿಡುತ್ತಿದ್ದ. ನಾನು ಬೈದಿದ್ದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಈಗ ತಾನೇ ತಂದು ಬಕೆಟ್‌ಗೆ ಹಾಕುತ್ತಾನೆ.